ಅಮ್ಮನ ದನಿ ನನ್ನ ದನಿಗಿಂತ ದಪ್ಪ ಬರ್ತಿದೆ, ಎಲ್ಲಿ ತಪ್ಪಿದ್ದೀನಿ?

ಕೇಳಿದ್ದು, ಮಂಡ್ಯದಿಂದ:
ಎಂಜಿನಿಯರಿಂಗ್ ಕೊನೇ ವರ್ಷ. ದನಿ ಅಳೆಯೋ ಪ್ರಾಜೆಕ್ಟಿಗೆ ಅಮ್ಮನ ಕೈಲಿ ‘ಆ’, ‘ಈ’, ‘ಊ’ ಹೇಳಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡೆ, ಸೆಕೆಂಡಿಗೆ 16,000 ಸ್ಯಾಂಪಲ್. ಆಟೋಕೋರಿಲೇಶನ್ನಿನ (ಅಲೆಯನ್ನು ಸರಿಸಿ ಅದರ ಮೇಲೇ ಇಟ್ಟು ಎಷ್ಟು ಹೊಂದುತ್ತೆ ಅಂತ ನೋಡೋ ಲೆಕ್ಕ) ದೊಡ್ಡ ಶಿಖರ 149ನೇ ಸ್ಯಾಂಪಲ್ಲಿಗೆ ಬರುತ್ತೆ, ಅಂದ್ರೆ 107 ಹರ್ಟ್ಸ್. ನನ್ನ ದನಿಯೇ 120! ಫಾರ್ಮಂಟ್, ಅಂದ್ರೆ ಬಾಯೊಳಗೆ ಅನುರಣಿಸಿ ಜೋರಾಗೋ ಆವರ್ತನಗಳು, ಇನ್ನೂ ಗೋಜಲು. ‘ಆ’ಗೆ ಮೊದಲೆರಡು ಬೇರೆಬೇರೆ ಕಾಣೋದೇ ಇಲ್ಲ. ಬಲ್ಲವರು ದಾರಿ ತೋರಿಸಿ.

ಮೈಸೂರಿನಿಂದ ಒಬ್ಬರು:
149ರ ಅರ್ಧ 74.5. ಅದೇ ನಿಮ್ಮಮ್ಮನ ಪಿಚ್ ಅವಧಿ (ಅಲೆಯ ಒಂದಾವರ್ತಿಗೆ ಹಿಡಿಯೋ ಸ್ಯಾಂಪಲ್), ಅಂದ್ರೆ ಪಿಚ್ ಸುಮಾರು 215 ಹರ್ಟ್ಸ್. ಅಲೆ ಒಂದಾವರ್ತಿಗೆ ಮರುಕಳಿಸಿದ್ರೆ ಎರಡಾವರ್ತಿಗೂ ಮರುಕಳಿಸಿಯೇ ಇರುತ್ತೆ. ಸ್ಯಾಂಪಲ್ ಎಣಿಕೆಯಲ್ಲಿ ಅರ್ಧ ಅನ್ನೋದಿಲ್ಲವಲ್ಲ, 74ಕ್ಕೂ 75ಕ್ಕೂ ಅಲೆ ಸರಿಯಾಗಿ ಕೂರಲ್ಲ, 149ಕ್ಕೆ ಅಚ್ಚುಕಟ್ಟಾಗಿ ಕೂರುತ್ತೆ. ಹಾಗಾಗಿ ಎರಡನೇ ಶಿಖರ ಕೂದಲೆಳೆಯಷ್ಟು ಮೇಲೆ. ಈ ಒಂದು ಕೂದಲಿಗೆ ನಾನು ಎರಡು ವಾರ ತೆತ್ತಿದ್ದೀನಿ. ಹೆಂಗಸರ ದನಿಗೆ 40ರಿಂದ 107ನೇ ಸ್ಯಾಂಪಲ್ಲಿನೊಳಗೆ ಮಾತ್ರ ಹುಡುಕಿಸಿ, ಅಂದ್ರೆ 400ರಿಂದ 150 ಹರ್ಟ್ಸ್.

ಅದಕ್ಕೂ ಮೊದಲು ಪ್ರೋಗ್ರಾಂ ಪಕ್ಕಕ್ಕಿಡಿ. ಅಲೆಯನ್ನು ತೆರೆ ಮೇಲೆ ಹಿಗ್ಗಿಸಿ, ಒಂದು ಚೂಪಿನಿಂದ ಹತ್ತು ಆವರ್ತ ಎಣಿಸಿ, ಬಂದದ್ದನ್ನು ಹತ್ತರಿಂದ ಭಾಗಿಸಿ. ನಾನು ಪ್ರಿಂಟ್ ತೆಗೆದು ಸ್ಕೇಲಿಟ್ಟು ಅಳೆದಿದ್ದೆ. ಲ್ಯಾಬಲ್ಲಿ ಎಲ್ಲರೂ ನಕ್ಕರು, ತಪ್ಪು ಸಿಕ್ಕಿದ್ದು ಮಾತ್ರ ಆ ಸ್ಕೇಲಿಗೇ.

ಮಾನಸಗಂಗೋತ್ರಿ ಕಡೆಯಿಂದ, ವಾಕ್ ಶ್ರವಣ ಓದುತ್ತಿರುವವಳು:
ಎಲ್‌ಪಿಸಿ (ಹಿಂದಿನ ಸ್ಯಾಂಪಲ್ಲುಗಳಿಂದ ಮುಂದಿನದನ್ನು ಊಹಿಸಿ ಫಾರ್ಮಂಟ್ ಹುಡುಕೋ ಲೆಕ್ಕ) ಆರ್ಡರ್, ಅಂದ್ರೆ ಊಹೆಗೆ ಬಳಸೋ ಸ್ಯಾಂಪಲ್ಲುಗಳ ಸಂಖ್ಯೆ, ಎಷ್ಟಿಟ್ಟಿದ್ದೀರಿ? ‘ಆ’ದಲ್ಲಿ ಮೊದಲೆರಡು ಫಾರ್ಮಂಟು ಮಗ್ಗುಲಲ್ಲೇ ಇರ್ತವೆ, ಆರ್ಡರ್ 8 ಇಟ್ರೆ ಎರಡೂ ಸೇರಿ ಒಂದೇ ಗುಡ್ಡ. ನಾವು ಸ್ಯಾಂಪಲಿಂಗ್ ಕಿಲೋಹರ್ಟ್ಸಿಗೆ 2 ಕೂಡಿಸ್ತೀವಿ, ನಿಮಗೆ 18. ಇಲ್ಲಾಂದ್ರೆ ದನಿ ಅಳೆಯೋ ಪ್ರಾಟ್ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಉಚಿತ. ಅದರಲ್ಲಿ ಹೆಂಗಸರಿಗೆ ಫಾರ್ಮಂಟ್ ಮೇಲ್ಮಿತಿ 5,500, ಗಂಡಸರಿಗೆ 5,000 ಹರ್ಟ್ಸ್ ಇಡಿ.

‘ಈ’ ವಿಷಯದಲ್ಲಿ ಮೋಸ ಹೋಗ್ಬೇಡಿ. ಮೊದಲ ಫಾರ್ಮಂಟ್ 430ರ ಹತ್ತಿರ ಬಂದ್ರೆ ಅನುಮಾನಿಸಿ, ಅದು 215ರ ಎರಡರಷ್ಟು, ಪಿಚ್ಚಿನ ಗುಣಕ, ಅಂದ್ರೆ ಬರೀ ಹಾರ್ಮೋನಿಕ್ ಇರಬಹುದು. ಅಮ್ಮನಿಗೆ ಅದೇ ‘ಈ’ಯನ್ನ ಶ್ರುತಿ ಇಳಿಸಿ ಹೇಳೋಕೆ ಹೇಳಿ. ಸಂಖ್ಯೆಯೂ ಜೊತೆಗೇ ಇಳಿದ್ರೆ ಅದು ಫಾರ್ಮಂಟಲ್ಲ. ಫಾರ್ಮಂಟ್ ಬಾಯಿಯ ಆಕಾರದ್ದು, ಶ್ರುತಿ ಇಳಿದ ಮಾತ್ರಕ್ಕೆ ಅಷ್ಟಾಗಿ ಕದಲಲ್ಲ.

ಇನ್ನೊಬ್ಬರು:
ಚಾರ್ಜರ್ ಕಿತ್ತು, ಫ್ಯಾನ್ ಆರಿಸಿ ರೆಕಾರ್ಡ್ ಮಾಡ್ರೀ. ಕರೆಂಟಿನ 50 ಹರ್ಟ್ಸ್ ಗುಂಯ್ ಅನ್ನೋದನ್ನೇ ಪಿಚ್ ಅಂತ ಬರೆದು ವೈವಾದಲ್ಲಿ ನಿಂತಿದ್ದೋನು ನಾನು.

ಮಂಡ್ಯದಿಂದ ಮತ್ತೆ:
ಎಣಿಸಿದೆ. ಹತ್ತು ಆವರ್ತಕ್ಕೆ 745 ಸ್ಯಾಂಪಲ್! ಆರ್ಡರ್ 18ಕ್ಕೆ ‘ಆ’ ಬಿಡಿಸಿಕೊಂಡಿತು. ‘ಈ’ ಮಾತ್ರ ಬಾಕಿ. ಐದನೇ ಸಲ ಮೊಬೈಲ್ ಮುಂದಿಟ್ಟಾಗ ಅಮ್ಮ, “ಇನ್ನೆಷ್ಟು ಕಿತಾ ‘ಈ’ ಅನ್ಬೇಕ್ಲಾ, ಒಲೆ ಮೇಲೆ ಸಾರೈತೆ” ಅಂದ್ರು.