ಹಳೆಯ ಎಚ್‌ಎಂಟಿ ವಾಚ್ ಪರೀಕ್ಷಿಸೋಕೆ ಎಷ್ಟು ಎಕ್ಸ್ ಲೂಪ್ ಬೇಕು?

ಕೀಕೊಟ್ಟವಾಚು:
ಎಲ್ಲರಿಗೂ ನಮಸ್ಕಾರ. ಎಚ್‌ಎಂಟಿ ಜನತಾ, ಪೈಲಟ್ ಥರದ ಕೀ ಕೊಡುವ ವಾಚ್ ಕೊಳ್ಳುವ ಮುಂಚೆ ಡಯಲ್ ಕಂಪನಿಯದ್ದೋ, ಮತ್ತೆ ಪೇಂಟ್ ಹೊಡೆದದ್ದೋ ಅಂತ ನೋಡಬೇಕು. ಹಿಂದಿನ ಮುಚ್ಚಳ ತೆಗೆದು ಮಷೀನ್ ಸ್ಥಿತಿಯನ್ನೂ ನೋಡಬೇಕು. ರಿಪೇರಿ ಮಾಡುವ ಉದ್ದೇಶ ಇಲ್ಲ. ನನ್ನ ಕನ್ನಡಕ ಎರಡೂ ಕಣ್ಣಿಗೆ ಮೈನಸ್ 3.5. ಕೈಯಲ್ಲಿ ಈಗ ‘30ಎಕ್ಸ್ 21 ಮಿ.ಮೀ.’ ಅಂತ ಬರೆದ, ಎಲ್‌ಇಡಿ ಇರುವ ಮಡಚುವ ಲೂಪ್ (ಪುಟ್ಟ ಭೂತಗನ್ನಡಿ; ಎಕ್ಸ್ ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ) ಇದೆ. ಅದರಲ್ಲಿ ಅಂಚೆಲ್ಲ ಮಸುಕು. ಯಾವುದು ತಗೊಳ್ಳಲಿ? ಒಂದೇ ಸಾಕಾ?

ಬ್ಯಾಲೆನ್ಸ್‌ವೀಲ್:
ಒಂದೇ ಅಂದರೆ 5ಎಕ್ಸ್ ತಗೊಳ್ಳಿ ಸರ್. ಎರಡು ಆಗುತ್ತೆ ಅಂದರೆ ಅದರ ಜೊತೆ ಒಳ್ಳೆಯ 10ಎಕ್ಸ್ ಟ್ರಿಪ್ಲೆಟ್, ಅಂದರೆ ಮೂರು ಗಾಜು ಸೇರಿದ ಲೂಪ್. 5ಎಕ್ಸ್‌ನಲ್ಲಿ ಇಡೀ ವಾಚ್ ಮೇಲೆ ಕಣ್ಣಾಡಿಸಿ, ಅನುಮಾನ ಬಂದ ಜಾಗಕ್ಕೆ ಮಾತ್ರ 10ಎಕ್ಸ್.

ಎಕ್ಸ್ ಹೆಚ್ಚಿದಷ್ಟೂ ವಾಚಿಗೆ ಹತ್ತಿರ ಹೋಗಬೇಕಾಗುತ್ತೆ. ಲೆಕ್ಕ ಸುಲಭ: 250ನ್ನು ಎಕ್ಸ್‌ನಿಂದ ಭಾಗಿಸಿದರೆ ಲೆನ್ಸಿನಿಂದ ವಾಚಿಗೆ ಇರಬೇಕಾದ ದೂರ ಮಿ.ಮೀ.ನಲ್ಲಿ ಸಿಗುತ್ತೆ. 5ಎಕ್ಸ್‌ಗೆ 50, 10ಎಕ್ಸ್‌ಗೆ 25. ಆ 25 ಮಿ.ಮೀ. ಸಂದಿಯಲ್ಲಿ ನಿಮ್ಮ ಹಣೆಯ ನೆರಳೇ ಡಯಲ್ ಮೇಲೆ ಬೀಳುತ್ತೆ. ಸ್ಪಷ್ಟವಾಗಿ ಕಾಣುವ ಆಳವೂ ಸುಮಾರು 1 ಮಿ.ಮೀ. ಅಷ್ಟೇ, ಮುಳ್ಳು ಚೆನ್ನಾಗಿ ಕಂಡರೆ ಡಯಲ್ ಮಸುಕು.

ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐಗ್ಲಾಸ್ ತಗೊಳ್ಳುವುದಾದರೆ ಅದರ ಮೇಲಿನ ನಂಬರ್ ನೋಡಿ ಮೋಸ ಹೋಗಬೇಡಿ. ಬರ್ಜಿಯೋನ್‌ನಂಥ ಸ್ವಿಸ್ ಲೂಪ್‌ಗಳಲ್ಲಿ ಆ ನಂಬರ್ ಇಂಚಿನ ದೂರ. 10ನ್ನು ಅದರಿಂದ ಭಾಗಿಸಬೇಕು: 4 ಅಂದರೆ 2.5ಎಕ್ಸ್, 3 ಅಂದರೆ 3.3ಎಕ್ಸ್, 2 ಅಂದರೆ 5ಎಕ್ಸ್. ನಿಮಗೆ ಬೇಕಾದದ್ದು 2 ನಂಬರ್.

ಡಯಲ್ ವಿಷಯ: 5ಎಕ್ಸ್‌ನಲ್ಲಿ ಮೊದಲು ಅಕ್ಷರದ ಅಂಚು ನೋಡಿ. ಕಂಪನಿ ಅಚ್ಚಿನಲ್ಲಿ ಗೆರೆ ಕತ್ತರಿಸಿಟ್ಟ ಹಾಗೆ ಇರುತ್ತೆ. ಮತ್ತೆ ಪೇಂಟ್ ಹೊಡೆದದ್ದರಲ್ಲಿ ಇಂಕ್ ಉಬ್ಬಿ, ‘hmt’ಯ ಸಣ್ಣ ಅಕ್ಷರಗಳ ಒಳಗಿನ ಸಂದಿ ತುಂಬಿಕೊಂಡಿರುತ್ತೆ. ಆಮೇಲೆ ನಿಮಿಷದ ಗೆರೆಗಳು. 12, 3, 6, 9ರ ಗುರುತಿನ ನಡುವಿಗೆ ಗೆರೆ ಸರಿಯಾಗಿ ಬಂದಿದೆಯಾ, ಒಂದು ಕಡೆ ಜಾರಿದೆಯಾ? ಮುಳ್ಳು ಕೂರುವ ನಡುವಿನ ತೂತಿನ ಅಂಚಿನಲ್ಲಿ ಪೇಂಟ್ ಒಳಕ್ಕೆ ಇಳಿದಿದ್ದರೆ ಅನುಮಾನ ಗಟ್ಟಿ. ಹಳೇ ಎಚ್‌ಎಂಟಿಗಳ ಗ್ಲಾಸ್ ಉಬ್ಬಿದ ಅಕ್ರಿಲಿಕ್, ಓರೆಯಾಗಿ ನೋಡಿದರೆ ಅಂಚಿನ ಗೆರೆ ಬಾಗಿದಂತೆ ಕಾಣುತ್ತೆ. ನೇರ ಮೇಲಿಂದ ನೋಡಿಯೇ ತೀರ್ಮಾನಕ್ಕೆ ಬನ್ನಿ.

ಗಾಜಿನಗೋಲಿ:
ಆ 30ಎಕ್ಸ್ ಸುಳ್ಳು. ನಿಜವಾದ 30ಎಕ್ಸ್ ಲೆನ್ಸ್ ವಾಚಿನಿಂದ 8 ಮಿ.ಮೀ. ದೂರದಲ್ಲಿರಬೇಕು. ಸಾಮಾನ್ಯ ಗಾಜಿನಲ್ಲಿ ಅದನ್ನು ಒಂದೇ ಲೆನ್ಸಾಗಿ ಮಾಡಿದರೆ ಸುಮಾರು 11 ಮಿ.ಮೀ. ವ್ಯಾಸದ ಪುಟ್ಟ ಗೋಲಿ ಆಗುತ್ತೆ. 21 ಮಿ.ಮೀ. ಅಗಲದ ಗಾಜನ್ನು ಪೂರ್ತಿ ಗೋಲಿಯಂತೆ ಉಂಡೆ ಮಾಡಿದರೂ 16ಎಕ್ಸ್ ದಾಟುವುದಿಲ್ಲ. ಇನ್ನು ನಿಮ್ಮದು ಚಪ್ಪಟೆ ಲೆನ್ಸ್.

ಮನೆಯಲ್ಲೇ ಅಳೆಯಿರಿ. ಸೀಲಿಂಗ್ ಲೈಟಿನ ಕೆಳಗೆ ನೆಲದ ಮೇಲೆ ಬಿಳಿ ಹಾಳೆ ಇಟ್ಟು, ಲೂಪನ್ನು ಮೇಲೆ ಕೆಳಗೆ ಸರಿಸಿ. ಲೈಟಿನ ಆಕಾರ ಹಾಳೆಯ ಮೇಲೆ ಚೂಪಾಗಿ ಮೂಡಿದಾಗ ಲೆನ್ಸಿನ ನಡುವಿನಿಂದ ಹಾಳೆಗೆ ಎಷ್ಟು ಮಿ.ಮೀ. ಅಂತ ಸ್ಕೇಲ್ ಹಿಡಿದು ನೋಡಿ, 250ನ್ನು ಅದರಿಂದ ಭಾಗಿಸಿ. ಬಿಸಿಲಲ್ಲಿ ಮಾತ್ರ ಈ ಪರೀಕ್ಷೆ ಬೇಡ, ಹಾಳೆ ಹೊತ್ತಿಕೊಳ್ಳುತ್ತೆ. ಲೂಪನ್ನು ಕಿಟಕಿ ಪಕ್ಕ ತೆರೆದಿಡುವುದೂ ಅಪಾಯ.

ಎರಡನೇ ಪರೀಕ್ಷೆ ಗ್ರಾಫ್ ಹಾಳೆ. ಅಂಚಿನಲ್ಲೂ 1 ಮಿ.ಮೀ. ಗೆರೆಗಳು ನೇರ ಇರಬೇಕು, ಗೆರೆಯ ಪಕ್ಕ ನೀಲಿ, ಕಿತ್ತಳೆ ಬಣ್ಣ ಒಸರಬಾರದು. ಒಂಟಿ ಲೆನ್ಸಿನಲ್ಲಿ ಇವೆರಡೂ ದೋಷ ಇದ್ದೇ ಇರುತ್ತವೆ. 5ಎಕ್ಸ್‌ವರೆಗೆ ಸಹಿಸಬಹುದು, 10ಎಕ್ಸ್‌ನಲ್ಲಿ ನಡುಭಾಗ ಬಿಟ್ಟು ಏನೂ ಉಪಯೋಗಕ್ಕೆ ಬರಲ್ಲ. ಅದಕ್ಕೇ ಮೂರು ಗಾಜು ಅಂಟಿಸಿದ ಟ್ರಿಪ್ಲೆಟ್. ಬೆಲಾರೂಸ್‌ನ ಬೆಲೋಮೋ 10ಎಕ್ಸ್ ನನ್ನ ಆಯ್ಕೆ. ಬೌಶ್ ಆಂಡ್ ಲೋಂಬ್ ಹೇಸ್ಟಿಂಗ್ಸ್ ಟ್ರಿಪ್ಲೆಟ್ ಕೂಡ ಚೆನ್ನಾಗಿದೆ.

ಕೀಕೊಟ್ಟವಾಚು:
ಅಳೆದೆ. 38 ಮಿ.ಮೀ. ಬಂತು, ಅಂದರೆ 6.6ಎಕ್ಸ್! ಕನ್ನಡಕ ತೆಗೆದು ನೋಡಬೇಕಾ, ಹಾಕಿಕೊಂಡೇನಾ? ಮಷೀನಿನಲ್ಲಿ ಎಲ್ಲೆಲ್ಲಿ ನೋಡಬೇಕು ಅಂತಲೂ ಹೇಳಿ.

ಗಾಜಿನಗೋಲಿ:
ಮೈನಸ್ 3.5ಕ್ಕೆ ಕನ್ನಡಕ ತೆಗೆದರೆ ಆಯಿತು, ದೂರ ಮಾತ್ರ ಕಡಿಮೆ ಆಗುತ್ತೆ. 1000ನ್ನು ಮಿ.ಮೀ. ದೂರದಿಂದ ಭಾಗಿಸಿದರೆ ಪವರ್ ಸಿಗುತ್ತೆ: 5ಎಕ್ಸ್ ಅಂದರೆ 20 ಪವರ್, ನಿಮ್ಮ ಕಣ್ಣಿನ 3.5 ಸೇರಿ 23.5. ಹಾಗಾಗಿ 50ರ ಬದಲು 42-43 ಮಿ.ಮೀ.ಗೆ ಸ್ಪಷ್ಟವಾಗುತ್ತೆ. ಆದರೆ ಕಣ್ಣಿನ ಡಾಕ್ಟರ ಚೀಟಿಯಲ್ಲಿ ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಮ್‌ಗೆ ಕೊಡುವ ನಂಬರ್) ಇದ್ದರೆ ಅದನ್ನು ಲೂಪ್ ಸರಿಮಾಡಲ್ಲ. ಆಗ ಕನ್ನಡಕದ ಫ್ರೇಮಿಗೆ ಕ್ಲಿಪ್ ಆಗುವ ಲೂಪ್ ತಗೊಳ್ಳಿ.

ಬ್ಯಾಲೆನ್ಸ್‌ವೀಲ್:
ಇನ್ನೊಂದು ಕಣ್ಣು ಮುಚ್ಚಬೇಡಿ, ಬೇಗ ದಣಿಯುತ್ತೆ. ಐಗ್ಲಾಸ್ ಬೆವರಿಗೆ ಮಂಜಾದರೆ ಪ್ಲಾಸ್ಟಿಕ್ ಬದಿಯಲ್ಲಿ ಎದುರುಬದುರು 2 ಮಿ.ಮೀ. ತೂತು ಎರಡು ಕೊರೆಯಿರಿ. ಮುಂಚೆ ಲೆನ್ಸ್ ಬಿಚ್ಚಿಡಿ. 10ಎಕ್ಸ್ ಟ್ರಿಪ್ಲೆಟನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ವಾಚನ್ನೇ ಮೇಲಕ್ಕೆ ತನ್ನಿ. ಲೂಪ್ ದೂರ ಹಿಡಿದರೆ ಕಾಣುವ ವಲಯ ಚಿಕ್ಕದಾಗುತ್ತೆ.

ಲೂಪಿನ ಎಲ್‌ಇಡಿ ಆರಿಸಿ. ನೇರ ಬೆಳಕು ಗ್ಲಾಸಿನಲ್ಲಿ ಪ್ರತಿಫಲಿಸಿ ಗೀರು, ಉಬ್ಬು ಎಲ್ಲ ಮರೆಯಾಗುತ್ತೆ. ಟೇಬಲ್ ಲ್ಯಾಂಪನ್ನು ಪಕ್ಕದಿಂದ ತಗ್ಗಿಸಿ ಇಟ್ಟು ವಾಚನ್ನು ನಿಧಾನಕ್ಕೆ ತಿರುಗಿಸಿ.

ಮುಚ್ಚಳ ತೆಗೆದಾಗ ಮೊದಲು ಸ್ಕ್ರೂ ತಲೆ. ಕಚ್ಚು ಕಿತ್ತು ಅಂಚು ಹೊಳೆಯುತ್ತಿದ್ದರೆ ಅಳತೆ ತಪ್ಪಿದ ಸ್ಕ್ರೂಡ್ರೈವರ್ ಓಡಾಡಿದೆ. ಕೀ ಕಡ್ಡಿ ಒಳಹೋಗುವ ಕಡೆ ಕಂದು ತುಕ್ಕು ಇದೆಯಾ ನೋಡಿ, ನೀರು ಹೆಚ್ಚಾಗಿ ನುಗ್ಗುವುದೇ ಅಲ್ಲಿ. ಆಮೇಲೆ 10ಎಕ್ಸ್ ಹಿಡಿದು ಕೆಂಪು ಕಲ್ಲುಗಳು. ಎಣ್ಣೆ ಚೆನ್ನಾಗಿದ್ದರೆ ಕಲ್ಲಿನ ಬಟ್ಟಲಲ್ಲಿ ಪಿವಟ್ (ಕಲ್ಲಿನೊಳಗೆ ತಿರುಗುವ ಚಕ್ರದ ಅಚ್ಚಿನ ತುದಿ) ಸುತ್ತ ತೆಳು ಉಂಗುರದಂತೆ ನಿಂತಿರುತ್ತೆ. ಒಣಗಿ ಕಂದು ಕಲೆ ಆಗಿದ್ದರೆ ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಕೊನೆಗೆ ಹೇರ್‌ಸ್ಪ್ರಿಂಗ್, ಅಂದರೆ ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ಆಡಿಸುವ ಕೂದಲಿನಷ್ಟು ತೆಳು ಸುರುಳಿ ಸ್ಪ್ರಿಂಗ್. ವಾಚ್ ಓಡುವಾಗ ಸುರುಳಿಗಳು ಸಮವಾಗಿ ಉಸಿರಾಡಿದ ಹಾಗೆ ಅರಳಿ ಮುದುಡಬೇಕು. ಎರಡು ಸುರುಳಿ ಅಂಟಿಕೊಂಡರೆ ವಾಚ್ ಜೋರಾಗಿ ಮುಂದೆ ಓಡುತ್ತೆ. ಕಾರಣ ಸಾಮಾನ್ಯವಾಗಿ ಎಣ್ಣೆ ತಾಗಿರುವುದು ಅಥವಾ ಮ್ಯಾಗ್ನೆಟ್ ಹಿಡಿದಿರುವುದು. ಚಿಮಟ ತಗೊಂಡು ಬಿಡಿಸೋಕೆ ಮಾತ್ರ ಹೋಗಬೇಡಿ, ಒಮ್ಮೆ ಬಾಗಿದರೆ ನೇರ ಮಾಡುವುದು ನುರಿತವರಿಗೂ ಕಷ್ಟ. ತೆರೆದ ಮಷೀನಿನ ಮೇಲೆ ಉಸಿರೂ ಬಿಡಬೇಡಿ.

ಸದ್ಯಕ್ಕೆ ನಿಮ್ಮ 6.6ಎಕ್ಸ್‌ನ ನಡುಭಾಗದಲ್ಲೇ ಡಯಲ್ ನೋಡಬಹುದು. ದುಡ್ಡು ಮೊದಲು ಟ್ರಿಪ್ಲೆಟ್‌ಗೆ ಹಾಕಿ, 5ಎಕ್ಸ್ ಆಮೇಲೆ ತಗೊಂಡರೂ ನಡೆಯುತ್ತೆ.