ಬ್ರೇ ದ್ರಾವಣಕ್ಕೆ ಆಸಿಡ್: ನೇರ 2.1 ಮಿ.ಲೀ. ಹಾಕೋದಾ, ಸ್ಟಾಕ್ ಮಾಡೋದಾ? (ಮಣ್ಣು ಪರೀಕ್ಷೆ ಮಾಡೋ ನಾಲ್ಕು ಊರಿನವರ ಮಾತುಕತೆ)

ಚಿಕ್ಕಮಗಳೂರು: ಕಾಫಿ ತೋಟದ ಮಣ್ಣಿಂದ ರಂಜಕ ಬಿಡಿಸಿ ನೋಡೋಕೆ ಬ್ರೇ-1 ದ್ರಾವಣ ಬೇಕು. ಅದರಲ್ಲಿ 0.03 ನಾರ್ಮಲ್ (ದ್ರಾವಣ ಎಷ್ಟು ಗಟ್ಟಿ ಅನ್ನೋ ಅಳತೆ) ಅಮೋನಿಯಂ ಫ್ಲೋರೈಡ್, 0.025 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್. ಲೀಟರಿಗೆ ಬಾಟಲಿಯ ಗಟ್ಟಿ ಆಸಿಡ್ ನೇರವಾಗಿ 2.1 ಮಿ.ಲೀ. ಹಾಕಿದರೆ ಸಾಕಾ? ದಿನಕ್ಕೆ ಹತ್ತೇ ಸ್ಯಾಂಪಲ್.

ಮೂಡಿಗೆರೆ: ಸ್ಟಾಕೇ (ಮೊದಲೇ ತೆಳು ಮಾಡಿ ಇಟ್ಟುಕೊಳ್ಳೋ ಆಸಿಡ್) ಮಾಡಿ. 2.1 ಅನ್ನೋದು 12 ನಾರ್ಮಲ್ ಅಂತ ನಂಬಿದವರ ಲೆಕ್ಕ. ಲೇಬಲ್‌ನಲ್ಲಿ ಶೇ. 35, ಸಾಂದ್ರತೆ 1.18 ಇದ್ದರೆ 1180 × 0.35 ÷ 36.46, ಅಂದ್ರೆ 11.3 ನಾರ್ಮಲ್. ಆಗ 2.2 ಬೇಕು. ಮುಚ್ಚಳ ತೆಗೆದು ತೆಗೆದು ಹೊಗೆ ಹೋದ ಬಾಟಲಿ ಇನ್ನೂ ಕಡಿಮೆ. 0.5 ನಾರ್ಮಲ್ ಸ್ಟಾಕ್ ಮಾಡಿ, 250 ಡಿಗ್ರಿಯಲ್ಲಿ 4 ಗಂಟೆ ಒಣಗಿಸಿದ ಸೋಡಿಯಂ ಕಾರ್ಬೊನೇಟ್ 0.53 ಗ್ರಾಂ ತೂಗಿ, ಅದಕ್ಕೆ ಸ್ಟಾಕ್ ಹನಿಹನಿ ಬಿಟ್ಟು ಎಷ್ಟು ಹಿಡಿಯುತ್ತೆ ನೋಡಿ (ಟೈಟ್ರೇಟ್ ಮಾಡಿ). 20.0 ಮಿ.ಲೀ. ಬರಬೇಕು. 20.6 ಬಂದರೆ ಸ್ಟಾಕ್ 0.485, ಲೀಟರಿಗೆ 50ರ ಬದಲು 51.5 ಮಿ.ಲೀ. ಹಾಕಿ.

ಹಾಸನ: ಬ್ರೇಗೆ ಇಷ್ಟು ಮಡಿ ಯಾಕೆ ಮಾರಾಯ್ರೆ? ನೇರ ಹಾಕಿ, ಪಿಎಚ್ 2.6ಕ್ಕೆ ತನ್ನಿ, ಮುಗೀತು.

ಮೂಡಿಗೆರೆ: ಆಸಿಡ್ ಜೊತೆ ಫ್ಲೋರೈಡ್ ಇರೋ ದ್ರಾವಣದಲ್ಲಿ ಪಿಎಚ್ ಮೀಟರಿನ ಗಾಜಿನ ಎಲೆಕ್ಟ್ರೋಡ್ ಅದ್ದಿಟ್ಟು ಕೂರ್ತೀರಾ? ಗಾಜು ಸವೆಯುತ್ತೆ. ಹೊಸದಕ್ಕೆ ದುಡ್ಡು ನೀವು ಕೊಡ್ತೀರಾ? ಮೈಕ್ರೋಪಿಪೆಟ್‌ನಲ್ಲಿ ಕಾನ್ಸಂಟ್ರೇಟೆಡ್ ಆಸಿಡ್ ಎಳೆಯೋರೂ ನಿಮ್ಮ ಪೈಕಿಯೇ. ಹೊಗೆ ಒಳಗೆ ಹೋಗಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತೆ.

ಹಾಸನ: ಅರ್ಧ ನಿಮಿಷ ಅದ್ದಿ ತೊಳೆದರೆ ಅಷ್ಟೇನೂ ಆಗಲ್ಲ. ಮತ್ತೆ, ಆ ಫ್ಲೋರೈಡನ್ನ ಗಾಜಿನ ಬಾಟಲಿಯಲ್ಲಿ ಇಟ್ಟಿಲ್ಲ ತಾನೇ? ಪ್ಲಾಸ್ಟಿಕ್ಕೇ ಬೇಕು. ಅಮೋನಿಯಂ ಫ್ಲೋರೈಡ್ 1.11 ಗ್ರಾಂ, ಲೀಟರಿಗೆ.

ಸಕಲೇಶಪುರ: ಇಬ್ಬರೂ ಶೇ. 5ಕ್ಕೆ ಜಗಳ ಆಡ್ತಿದೀರಿ, ರಿಪೋರ್ಟ್ ಐದು ಪಟ್ಟು ತಪ್ಪೋದು ಗುಣಿಸೋದ್ರಲ್ಲಿ. 5 ಗ್ರಾಂ ಮಣ್ಣು, 50 ಮಿ.ಲೀ. ದ್ರಾವಣ: 10 ಪಟ್ಟು. ಸೋಸಿದ್ದರಲ್ಲಿ 5 ಮಿ.ಲೀ. ತೆಗೆದು 25ಕ್ಕೆ: 5 ಪಟ್ಟು. ಬಂದ ಪಿಪಿಎಂನಲ್ಲಿ (ಹತ್ತು ಲಕ್ಷಕ್ಕೆ ಎಷ್ಟು ಭಾಗ) ಬ್ಲ್ಯಾಂಕ್ (ಮಣ್ಣಿಲ್ಲದೆ ಮಾಡಿದ ಪರೀಕ್ಷೆ) ಕಳೆದ ಮೇಲೆ × 50. ಈ ತೆಳು ಮಾಡೋದನ್ನ ಒಂದಕ್ಕೆ ಐದು ಅಂತ ಬರೆದರೆ ಒಂದು ಸೇರಿ ಐದು. ಐದು ನೀರು ಹಾಕಿದರೆ ಅದು ಆರು. ರಂಜಕ ಅಳೆಯೋದು ನೀಲಿ ಬಣ್ಣ ಬರಿಸಿ; ಬೋರಿಕ್ ಆಸಿಡ್ ಮರೆತರೆ ಫ್ಲೋರೈಡ್ ಆ ಬಣ್ಣಕ್ಕೆ ಅಡ್ಡಿ ಮಾಡಬಹುದು.

ಹಾಸನ: ಒಂದಕ್ಕೆ ಐದು ಅಂದ್ರೆ ಆರೇ. ನಮ್ಮ ಕಡೆ ಹಾಗೇ ಬರೆಯೋದು.

ಸಕಲೇಶಪುರ: ಅದಕ್ಕೇ 1+4 ಅಂತ ಬರೀರಿ ಅನ್ನೋದು. ಹೆಕ್ಟೇರಿಗೆ ಕೆಜಿ ಬೇಕಾದರೆ ಪಿಪಿಎಂ × 2.24.

ಮೂಡಿಗೆರೆ: ತೋಟದವರು ಕೇಳೋದು ಎಕರೆಗೆ. × 0.907. ಅದೂ ರಂಜಕವೋ, ಪಿ2ಓ5ಓ (ಗೊಬ್ಬರದಲ್ಲಿ ರಂಜಕ ಲೆಕ್ಕ ಹಾಕೋ ರೂಪ)? 2.29 ಗುಣಿಸಿದ್ರಾ?