ಸಹಾಯ ಬೇಕು: 3:50 ನೋಡಿ 4:50 ಅಂತಾಳೆ ಮಗಳು

ಎಲ್ಲರಿಗೂ ನಮಸ್ಕಾರ. ಮಗಳಿಗೆ 7 ವರ್ಷ. ಒಂದು ತಿಂಗಳಿಂದ ಮುಳ್ಳಿನ ಗಡಿಯಾರ ನೋಡುವುದು ಕಲಿಸುತ್ತಿದ್ದೇನೆ, ಈಗ ಒಂದು ಕಡೆ ಬಂದು ನಿಂತುಬಿಟ್ಟಿದ್ದೇವೆ.

ಐದರ ಮಗ್ಗಿ ಬರುತ್ತದೆ, ಹಾಗಾಗಿ ದೊಡ್ಡ ಮುಳ್ಳು 7ರ ಮೇಲಿದ್ದರೆ 35 ನಿಮಿಷ ಅಂತ ತಕ್ಷಣ ಹೇಳುತ್ತಾಳೆ. ಮೂರೂಕಾಲು, ಮೂರೂವರೆ ಎಲ್ಲ ಸರಿ. ತೊಂದರೆ ಅದಾದ ಮೇಲೆ. 3:50ಕ್ಕೆ ಚಿಕ್ಕ ಮುಳ್ಳು 4ಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ ಅಲ್ವಾ, ಅದನ್ನು ನೋಡಿ 4:50 ಅಂತಾಳೆ. "ಇನ್ನೂ ನಾಲ್ಕು ಆಗಿಲ್ಲ ಪುಟ್ಟಿ" ಅಂದರೆ "ಮುಳ್ಳು ಅಲ್ಲೇ ಇದೆಯಲ್ಲಮ್ಮಾ" ಅಂತ ಬೆರಳಿಟ್ಟು ತೋರಿಸುತ್ತಾಳೆ. ಅವಳು ಹೇಳುವುದೂ ಸುಳ್ಳಲ್ಲ.

ಮೊದಲು ರಟ್ಟಿನ ಗಡಿಯಾರ ಮಾಡಿದೆ. ಅದರಲ್ಲಿ ಎರಡು ಮುಳ್ಳೂ ಬೇರೆ ಬೇರೆ ತಿರುಗುತ್ತವೆ, ಒಂದು ತಿರುಗಿಸಿದರೆ ಇನ್ನೊಂದು ಸುಮ್ನೆ ನಿಂತಿರುತ್ತದೆ, ಗೊಂದಲ ಜಾಸ್ತಿಯೇ ಆಯಿತು. ಆಮೇಲೆ ಗೋಡೆ ಗಡಿಯಾರ ಇಳಿಸಿ ಹಿಂದಿನ ತಿರುಪು ತಿರುಗಿಸಲು ಕೊಟ್ಟೆ. ದೊಡ್ಡದು ಪೂರ್ತಿ ಒಂದು ಸುತ್ತು ಬಂದರೆ ಚಿಕ್ಕದು ಒಂದೇ ಮನೆ ಮುಂದೆ ಹೋಗುತ್ತದೆ ಅಂತ ಅವಳೇ ಕಂಡುಹಿಡಿದಳು, ಎಷ್ಟು ಖುಷಿಪಟ್ಟಳು! ಮಾರನೇ ದಿನ ಮತ್ತೆ ಅದೇ ತಪ್ಪು. 3ರಿಂದ 4ರವರೆಗಿನ ಜಾಗಕ್ಕೆ ಬಣ್ಣ ಹಚ್ಚಿದರೆ ಸರಿಯಾಗಿ ಹೇಳುತ್ತಾಳೆ, ಬಣ್ಣ ಇಲ್ಲದ ಗಡಿಯಾರದಲ್ಲಿ ಆಗುವುದಿಲ್ಲ. ನಿನ್ನೆ ಕಣ್ತುಂಬಾ ನೀರು ತುಂಬಿಕೊಂಡು "ನಂಗೆ ಗಡಿಯಾರ ಬೇಡ" ಅಂದಳು, ನನಗೂ ತಡೆಯಲಾಗಲಿಲ್ಲ.

ಕೆಲವು ದಿನ ದೊಡ್ಡ ಮುಳ್ಳು ತೆಗೆದಿಟ್ಟು ಚಿಕ್ಕ ಮುಳ್ಳನ್ನಷ್ಟೇ ಓದಿಸೋಣ ಅಂದುಕೊಂಡಿದ್ದೇನೆ. ಹಾಗೆ ಯಾರಾದರೂ ಮಾಡಿ ನೋಡಿದ್ದೀರಾ? ಇಲ್ಲವಾದರೆ, ಮುಳ್ಳು ಮುಂದಿನ ಅಂಕಿಯ ಹತ್ತಿರ ಇದ್ದರೂ ಆ ಗಂಟೆ ಇನ್ನೂ ಆಗಿಲ್ಲ ಅನ್ನುವುದನ್ನು ನಿಮ್ಮ ಮಕ್ಕಳಿಗೆ ಹೇಗೆ ಅರ್ಥಮಾಡಿಸಿದಿರಿ?